ಗಣಪನ ಕಡೆಗೆ ಚಾಚಿದ ಕಾಲು

ನಮ್ಮ ಅತ್ತೆಯ ಮಂಡಿ ಆಪರೇಶನ್ ಆಗಿ, ಗಾಯ ಕೀವು ಹಿಡಿಯದೆ ಒಣಗಿತು. ಅದು ಭಗವಂತನ ದಯೆ. ಹೊಲಿಗೆ ಬಿಚ್ಚಿಸಿಕೊಂಡು ಕೋಲಾರದಿಂದ ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಅದೂ ಅವನದೇ ದಯೆ. ಇಂಥವನ್ನೆಲ್ಲ ನಾನು ಮರೆಯದೆ ನೆನೆಸಿಕೊಳ್ಳುತ್ತೇನೆ. ಮರೆತುಹೋದರೆ ಸಾಕಪ್ಪ ಅನ್ನಿಸುವಂಥದ್ದು ಆಮೇಲೆ ನಡೆಯಿತು, ಅದು ಮಾತ್ರ ಮರೆಯುತ್ತಿಲ್ಲ.

ಡಾಕ್ಟರು ಹೇಳಿದ್ದು ಇಷ್ಟೇ: "ದಿನಾ ಕುರ್ಚಿ ಮೇಲೆ ಕೂತು ಕಾಲನ್ನ ನೆಟ್ಟಗೆ ಮುಂದಕ್ಕೆ ಚಾಚಿ ಮಡಚಬೇಕು. ಬಿಟ್ಟರೆ ಮಂಡಿ ಬಿಗಿದುಕೊಂಡು ಹಾಗೇ ನಿಂತುಬಿಡುತ್ತೆ." ಅತ್ತೆ ನಾಲ್ಕು ದಿನ ಮಾಡಿದರು. ಐದನೇ ದಿನಕ್ಕೆ ಬೇಜಾರು ಬಂತು.

ಶ್ರೀನಿವಾಸಪುರದಲ್ಲಿರುವ ನಮ್ಮಕ್ಕನ ಮಗಳು ಆಗ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದಳು. ವಯಸ್ಸಾದವರು ಆಡುತ್ತಾ ಆಡುತ್ತಾ ವ್ಯಾಯಾಮ ಮಾಡುವಂಥ ವಿಡಿಯೋ ಗೇಮು ತಯಾರಿಸುವುದು ಅವಳ ಪ್ರಾಜೆಕ್ಟು. ಅತ್ತೆಯ ವಿಷಯ ಕೇಳಿ, ಲ್ಯಾಪ್‌ಟಾಪು, ಒಂದು ಪುಟ್ಟ ಕ್ಯಾಮೆರಾ ಹೊತ್ತುಕೊಂಡು ಪ್ರತಿ ಶನಿವಾರ ಮುಳಬಾಗಿಲ ಹತ್ತಿರದ ನಮ್ಮೂರಿಗೆ ಬರತೊಡಗಿದಳು. ಕ್ಯಾಮೆರಾನ ಟಿವಿ ಮೇಲೆ ಕೂರಿಸಿದರೆ ಅದು ಎದುರಿಗೆ ಕೂತವರ ಕಾಲನ್ನು ಗಮನಿಸುತ್ತದೆ. ಕಾಲು ಪೂರ್ತಿ ಚಾಚಿದಾಗ ಟಿವಿಯಲ್ಲಿ ಏನಾದರೂ ಆಗಬೇಕು. ಏನಾಗಬೇಕು ಅನ್ನುವುದೇ ಅವಳ ತಲೆನೋವು.

ಮೊದಲು ಬಲೂನು ಒಡೆಯುವ ಆಟ ತಂದಳು. "ಯಾರ ಮನೆ ಮಕ್ಕಳ ಬಲೂನೇ ಇದು? ಒಡೆದ್ರೆ ಅಳಲ್ವಾ?" ಅಂದರು ಅತ್ತೆ. ಆಮೇಲೆ ಕಾರು ಓಡಿಸುವ ಆಟ. ಕಾರು ಹೋಗಿ ಲಾರಿಗೆ ಗುದ್ದಿತು. "ಇದನ್ನ ನಂಗಲಿ ರೋಡಲ್ಲಿ ಬಿಟ್ಟಿಯಾಗಿ ನೋಡ್ತೀವಲ್ಲೇ ತಾಯಿ" ಅಂತ ಮುಖ ತಿರುಗಿಸಿದರು.

ಹುಡುಗಿ ಸೋತು, "ಚಿಕ್ಕಮ್ಮ, ಅಜ್ಜಿಗೆ ಏನಿಷ್ಟ ನೀನೇ ಹೇಳು" ಅಂದಳು.

ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. "ದೇವರನ್ನ ಹಾಕೇ. ಕುರುಡುಮಲೆ ಗಣಪನ್ನ ಹಾಕು. ಒಂದು ಸಲ ಕಾಲು ಚಾಚಿದ್ರೆ ಒಂದು ಗರಿಕೆ ಸ್ವಾಮಿ ಮೇಲೆ ಬೀಳಲಿ. ಇಪ್ಪತ್ತೊಂದಾದ ಮೇಲೆ ಗಂಟೆ, ಮಂಗಳಾರತಿ. ವ್ಯಾಯಾಮಕ್ಕೆ ವ್ಯಾಯಾಮ, ಪುಣ್ಯಕ್ಕೆ ಪುಣ್ಯ."

ಅತ್ತೆಗೆ ಏನಿಷ್ಟ ಅಂತ ಕೇಳಿದ್ದಕ್ಕೆ ನನಗೇನಿಷ್ಟವೋ ಅದನ್ನು ಹೇಳಿದ್ದೆ. ಸಂಕಷ್ಟಿಗೆ ಉಪವಾಸವಿದ್ದು ಕುರುಡುಮಲೆಗೆ ಹೋಗಿಬರುವವಳು ನಾನು. ಅತ್ತೆ ಹಿಪ್ಪುನೇರಳೆ ಸೊಪ್ಪು, ರೇಷ್ಮೆ ಹುಳು ಅಂತಲೇ ಆಯಸ್ಸು ಸವೆಸಿದವರು, ದೇವರ ಮುಂದೆ ಕೂತದ್ದು ಕಮ್ಮಿ. ಇವರಿಗೂ ಒಂದಿಷ್ಟು ಭಕ್ತಿ ಬರಲಿ ಅಂತ ನನ್ನ ಮನಸ್ಸಿನಲ್ಲಿತ್ತು.

ಮುಂದಿನ ಶನಿವಾರ ಗಣಪ ನಮ್ಮ ಟಿವಿಗೆ ಬಂದ. ಎಷ್ಟು ಚೆನ್ನಾಗಿ ಬಿಡಿಸಿದ್ದಳೋ! ಇದು ನನ್ನ ಐಡಿಯಾ ಅಂತ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದೆ. ಅತ್ತೆ ಮೂರು ಸಲ ಕಾಲು ಚಾಚಿದರು. ಮೂರನೇ ಗರಿಕೆ ಬಿದ್ದ ಮೇಲೆ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡು, ಪಾದದ ಮೇಲೆ ಸೀರೆ ಮುಚ್ಚಿದರು.

"ನಾಕೊದ್ದು" ಅಂದರು. ಬೇಡ ಅನ್ನುವುದನ್ನು ಗಟ್ಟಿಯಾಗಿ ಹೇಳಬೇಕಾದರೆ ಅವರ ಬಾಯಲ್ಲಿ ತೆಲುಗೇ ಬರುವುದು.

"ಯಾಕತ್ತೆ?"

"ನೋವು ಕಣೇ."

ಹುಡುಗಿ ಲ್ಯಾಪ್‌ಟಾಪನ್ನು ನಮ್ಮಲ್ಲೇ ಬಿಟ್ಟು, ಆನ್ ಮಾಡುವುದನ್ನು ನನಗೆ ಕಲಿಸಿ ಹೋದಳು. ಪರೀಕ್ಷೆ ಇದೆ, ಎರಡು ವಾರ ಬರಲ್ಲ ಅಂದಿದ್ದಳು. ನಾನು ದಿನಾ ಬೆಳಿಗ್ಗೆ ಹಚ್ಚಿಡುವುದು, ಅತ್ತೆ ದಿನಾ ಕಾಲು ಮುಚ್ಚಿಕೊಳ್ಳುವುದು. ಬರಬರುತ್ತಾ ಅವರು ಗೋಡೆ ಹಿಡಿದು, ಕಾಲು ಸೊಟ್ಟಗೆ ಇಟ್ಟು ನಡೆಯತೊಡಗಿದರು. ನನಗೆ ಹೆದರಿಕೆ. ಹೆದರಿಕೆ ಬಂದರೆ ನನಗೆ ಸಿಟ್ಟೂ ಬರುತ್ತದೆ.

ಒಂದು ದಿನ ಎದುರುಮನೆಯಾಕೆ ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದಳು. "ನಿಮ್ಮತ್ತೆ ಗೇಮ್ ಆಡ್ತಾರಂತಲ್ಲ, ಎಲ್ಲಿ, ನಾನೂ ನೋಡ್ತೀನಿ" ಅಂದಳು. ಹಚ್ಚಿದೆ. ಗಣಪ ಬಂದ. ಅತ್ತೆ ಕಾಲು ಒಳಗೆಳೆದುಕೊಂಡರು.

"ಊಟಕ್ಕೆ ಮಾತ್ರ ಮೂರು ಹೊತ್ತೂ ಮುಂದೆ ಬರ್ತಾರೆ. ದೇವರಿಗೆ ಅಂತ ಒಂದು ಕಾಲು ಎತ್ತೋಕೆ ಇವರಿಗಾಗಲ್ಲ" ಅಂದೆ.

ಆಕೆ ಹೆಪ್ಪಿನ ಲೋಟ ಹಿಡಿದು ನೆಲ ನೋಡಿದಳು. ಅರವತ್ತು ವರ್ಷ ಹೊಲದಲ್ಲಿ ದುಡಿದು ನಮಗೆಲ್ಲ ಅನ್ನ ಹಾಕಿದ ಜೀವಕ್ಕೆ, ಹೊರಗಿನವಳ ಮುಂದೆ ನಾನು ಊಟದ ಮಾತು ಆಡಿದ್ದೆ.

ಪರೀಕ್ಷೆ ಮುಗಿಸಿಕೊಂಡು ಹುಡುಗಿ ಬಂದಳು. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಮೊದಲ ದಿನದ ಮೂರು ಗರಿಕೆ ಬಿಟ್ಟರೆ ಒಂದೂ ಇಲ್ಲ. ನನ್ನನ್ನು ಏನೂ ಕೇಳಲಿಲ್ಲ. ಹೋಗಿ ಅತ್ತೆಯ ಮುಂದೆ ನೆಲದ ಮೇಲೆ ಕೂತಳು. ನಾನು ಅಡುಗೆಮನೆಯಲ್ಲಿ ಅವರೆಕಾಳು ಹಿತುಕುತ್ತಿದ್ದೆ, ಎಲ್ಲ ಕೇಳಿಸುತ್ತಿತ್ತು.

"ಅಜ್ಜಿ, ನನ್ನ ಆಟದಲ್ಲಿ ತಪ್ಪು ಎಲ್ಲಾಗಿದೆ ಹೇಳಿ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ."

"ಗಣಪನ ಮುಖಕ್ಕೆ ಕಾಲು ತೋರಿಸು ಅಂತೀಯಲ್ಲೇ. ಗರಿಕೇನ ಯಾರಾದ್ರೂ ಒದ್ದು ಏರಿಸ್ತಾರಾ?"

"ಅಯ್ಯೋ! ಮೊದಲೇ ಹೇಳೋದಲ್ವಾ ಅಜ್ಜಿ?"

"ಹೆಂಗೆ ಹೇಳ್ಲಿ? ನಿಮ್ಮ ಚಿಕ್ಕಮ್ಮ ಹೇಳಿ ಹಾಕ್ಸಿದ್ದು. ಬೀದೀಗೆಲ್ಲಾ ಹೇಳ್ಕೊಂಡು ಬಂದವ್ಳೆ. ಅಷ್ಟು ಪೂಜೆ ಮಾಡೋಳಿಗೆ ಇಷ್ಟು ಗೊತ್ತಾಗಲಿಲ್ವಾ ಅಂತ ಜನ ಆಡ್ಕೊಳಲ್ವಾ? ಬೈದ್ರೆ ಬೈಲಿ ಬಿಡು."

ಕಾಳು ಬೆರಳ ಸಂದಿನಲ್ಲೇ ಉಳಿಯಿತು. ದೇವರ ಕೋಣೆಯ ಕಡೆ ಕಾಲು ನೀಡಿ ಮಲಗಿದರೆ ಮಕ್ಕಳನ್ನು ಎಬ್ಬಿಸಿ ಬೈಯುವವಳು ನಾನು. ಹದಿನೈದು ದಿನ ಗಣಪನ ಮುಖ ನೋಡಿ ಕೈಮುಗಿದೆ, ಎದುರಿಗೆ ಅತ್ತೆಯ ಪಾದ ಎತ್ತ ತಿರುಗಿದೆ ಅಂತ ನೋಡಲಿಲ್ಲ. ದೇವರ ಮರ್ಯಾದೆ, ನನ್ನ ಮರ್ಯಾದೆ ಎರಡನ್ನೂ ಕಾಯಲು ಅವರು ತಮ್ಮ ಮಂಡಿಯನ್ನು ಬಿಟ್ಟುಕೊಟ್ಟಿದ್ದರು. ಅದಕ್ಕೆ ನಾನು ಕೊಟ್ಟ ಹೆಸರು ಸೋಮಾರಿತನ.

ಹೊರಗೆ ಹುಡುಗಿ ಕೇಳುತ್ತಿದ್ದಳು: "ಸರಿ, ಕಾಲು ಚಾಚೋ ಕೆಲಸ ಮೊದಲು ಏನೇನು ಮಾಡ್ತಿದ್ರಿ?"

"ಏನಿದೆ! ರಾಗಿ ಒಣಗಹಾಕಿ ಕಾವಲು ಕೂತ್ಕೊಂಡಾಗ, ಕೋಳಿ ಬಂದ್ರೆ ಕಾಲಲ್ಲೇ ಓಡಿಸ್ತಿದ್ದೆ."

ಮುಂದಿನ ವಾರ ಟಿವಿಯಲ್ಲಿ ಚಾಪೆ ತುಂಬ ರಾಗಿ, ನಾಲ್ಕೂ ಕಡೆಯಿಂದ ಕೋಳಿ. ಕಾಲು ಪೂರ್ತಿ ಚಾಚಿದರೇ ಹೋಗುವುದು, ಅರ್ಧ ಚಾಚಿದರೆ ಮೊಂಡು ಹಿಡಿದು ನಿಲ್ಲುತ್ತದೆ. ಅತ್ತೆ ತೆಲುಗಲ್ಲಿ ಬೈದುಕೊಂಡು ಓಡಿಸತೊಡಗಿದರು. ಮೊದಮೊದಲು ನೋವಿಗೆ ಹಲ್ಲು ಕಚ್ಚುತ್ತಿದ್ದರು. ಡಾಕ್ಟರು, ಸದ್ಯ, ತಡವಾಗಿಲ್ಲ ಅಂದರು. ಅಷ್ಟನ್ನು ಸ್ವಾಮಿ ಉಳಿಸಿಕೊಟ್ಟ.

ನಾನು ಬಾಯಿಬಿಟ್ಟು ಕ್ಷಮೆ ಕೇಳಲು ಒಂದು ತಿಂಗಳೇ ಆಯಿತು. ಎದುರುಮನೆಯಾಕೆ ಆಟ ನೋಡಲು ಬಂದು ಕೂತಿದ್ದಳು. ಆಕೆಯ ಮುಂದೆ ಆಡಿದ್ದನ್ನು ಆಕೆಯ ಮುಂದೆಯೇ ಹೇಳಬೇಕು ಅಂತ, ಅಡುಗೆಮನೆಯಿಂದ ಬಂದು ಅತ್ತೆಯ ಎದುರಿಗೆ ನಿಂತೆ.

"ಅತ್ತೆ, ಅವತ್ತು ಊಟದ ಮಾತು ಆಡಬಾರದಿತ್ತು. ತಪ್ಪಾಯ್ತು."

ಅತ್ತೆ ನನ್ನ ಸೊಂಟದ ಪಕ್ಕದಿಂದ ಕತ್ತು ಬಗ್ಗಿಸಿ ಟಿವಿ ನೋಡಿದರು. "ಅದೀಗ ಬೇಡ. ಜರುಗೇ ಅತ್ಲಾಗೆ, ಕೋಳಿ ಕಾಣ್ತಿಲ್ಲ."

ಎದುರುಮನೆಯಾಕೆ ನಕ್ಕಳು. ನಾನು ಜರುಗಿದೆ. ಅತ್ತೆಯ ಕಾಲು ನೆಟ್ಟಗೆ ಮುಂದಕ್ಕೆ ಬಂತು, ನಾನು ನಿಂತಿದ್ದ ಜಾಗಕ್ಕೆ.