ತಣ್ಣೀರಲ್ಲಿ ಅದ್ದಿದ ಹೆಬ್ಬೆರಳು

ಟಪ್.

ಬಾಟಲಿಯ ಬಿರಡೆ ಕಿತ್ತಂಥ ಸಣ್ಣ ಸದ್ದು. ಸಿಂಧನೂರಿನ ಮಸ್ಕಿ ರಸ್ತೆಯಲ್ಲಿ ಲಾರಿಗಳೂ ವಿರಳವಾದ ಹೊತ್ತಿನಲ್ಲಿ, ಅರ್ಧ ಇಳಿಸಿದ ಷಟರ್‌ನ ಹಿಂದಿನಿಂದ ಅದು ಕೇಳುತ್ತದೆ. ಆಮೇಲೆ ಏನನ್ನೋ ಉಜ್ಜುವ ಸಪ್ಪಳ. ಮತ್ತೆ ಟಪ್. ಬೆಳಗಾಗಲು ಇನ್ನೂ ಸಮಯವಿದೆ. ಒಳಗೆ ಶಾವಲಿ ಅವರು ಮೊಣಕಾಲುಗಳ ನಡುವೆ ನೀಲಿ ಬಣ್ಣದ ಭಾರದ ಚೆಂಡೊಂದನ್ನು ಇರುಕಿಕೊಂಡು, ಅದರ ತೂತಿಗೆ ಮರದ ಗೂಟ ತೂರಿಸಿ ಹೊರಗೆ ಎಳೆಯುತ್ತಿದ್ದಾರೆ.

ಗೂಟವೆಂದರೆ ಬರೀ ಗೂಟವಲ್ಲ. ಅದು ಗಿರಾಕಿಯ ಹೆಬ್ಬೆರಳಿನ ಅಳತೆಗೆ ಲೇತ್‌ನಲ್ಲಿ ಕಡೆದು, ಮೇಲೆ ತೆಳು ರಬ್ಬರ್ ಸುತ್ತಿದ ಮರದ ಹೆಬ್ಬೆರಳು. ಅಂಥವು ಗೋಡೆಯ ಹಲಗೆಯ ಮೇಲೆ ಸಾಲಾಗಿ ನಿಂತಿವೆ. ಒಂದೊಂದರ ಬುಡದಲ್ಲೂ ಒಂದೊಂದು ಹೆಸರು.

"ಸಪ್ಪಳ ಬರಬೇಕ್ರಿ, ಆದ್ರ ಜೋರ್ ಬರಬಾರದು," ಎನ್ನುತ್ತಾರೆ ಅವರು. "ಜೋರ್ ಬಂತು ಅಂದ್ರ ತೂತು ಬಿಗಿ, ಬೆರಳು ಬಾಯ್ತೈತಿ. ಬರಲೇ ಇಲ್ಲಂದ್ರ ಸಡಿಲ. ಸಡಿಲ ಆಗೋದು ಭಾಳ ಕೆಟ್ಟದ್ರಿ."

ಬೌಲಿಂಗ್ ಆಟ ನೋಡದವರಿಗೆ ಒಂದು ಮಾತು. ನುಣುಪಾದ ಉದ್ದನೆಯ ಹಲಗೆಯ ದಾರಿ, ಅದರ ಕೊನೆಯಲ್ಲಿ ನಿಲ್ಲಿಸಿದ, ಬಾಟಲಿಯಾಕಾರದ ಹತ್ತು ಪಿನ್ನುಗಳು. ಚೆಂಡನ್ನು ಉರುಳಿಸಿ ಅವನ್ನು ಕೆಡವಬೇಕು. ಚೆಂಡಿಗೆ ಮೂರು ತೂತು: ಎರಡು ಬೆರಳಿಗೆ, ಒಂದು ಹೆಬ್ಬೆರಳಿಗೆ. ತೋಳು ಬೀಸಿ ಬಿಡುವಾಗ ಮೊದಲು ಹೆಬ್ಬೆರಳು ಜಾರಿ ಬರಬೇಕು, ಅದರ ಹಿಂದೆ ಉಳಿದೆರಡು ಬೆರಳು. ಕಣ್ಣು ಮಿಟುಕಿಸುವಷ್ಟರ ಆ ಗಳಿಗೆಯನ್ನು ಸರಿಮಾಡುವುದೇ ಶಾವಲಿ ಅವರ ಕೆಲಸ.

ನಿಜ ಹೇಳಬೇಕೆಂದರೆ ಅದು ಅವರ ಹೊಟ್ಟೆಪಾಡಲ್ಲ. ಮುದಗಲ್‌ನಲ್ಲಿ ಹುಟ್ಟಿ, ಲಿಂಗಸುಗೂರಿನ ಲೇತ್ ಅಂಗಡಿಯೊಂದರಲ್ಲಿ ಕೆಲಸ ಕಲಿತು, ಅಕ್ಕಿ ಗಿರಣಿಗಳನ್ನು ನಂಬಿ ಸಿಂಧನೂರಿಗೆ ಬಂದವರು ಅವರು. ಹಗಲೆಲ್ಲ ಗಿರಣಿಯ ಶಾಫ್ಟು, ಪುಲ್ಲಿ, ಬುಷ್. ಚೆಂಡಿನ ಕೆಲಸ ವಾರಕ್ಕೆ ಎರಡೋ ಮೂರೋ ಬರುತ್ತದೆ. ಅದನ್ನು ಬೆಳಗಿನ ಜಾವಕ್ಕೇ ಇಟ್ಟುಕೊಳ್ಳುತ್ತಾರೆ. ಗಿರಣಿಗಳು ಶುರುವಾದರೆ ಕರೆಂಟು ಇಳಿದು ಏರುತ್ತದೆ, ಡ್ರಿಲ್ಲಿನ ವೇಗ ತಪ್ಪುತ್ತದೆ, ತೂತಿನ ಒಳಗೋಡೆ ತರಕಲಾಗುತ್ತದೆ.

ಅಕ್ಕಿ ವ್ಯಾಪಾರಿ ಪಂಪಾಪತಿ ಅವರು ಊರಿನಲ್ಲಿ ಎರಡು ದಾರಿಗಳ ಬೌಲಿಂಗ್ ಹಾಲ್ ತೆರೆದಾಗ ಚೆಂಡುಗಳನ್ನು ಹೈದರಾಬಾದಿನಿಂದ ತಂದರು, ಯಾರೋ ಆಡಿ ಬಿಟ್ಟವು. ತೂತುಗಳು ಆ ಯಾರದೋ ಬೆರಳಿಗೆ ಕೊರೆದವು. ಮೊದಲ ವಾರವೇ ಊರಿನ ಹುಡುಗರ ಹೆಬ್ಬೆರಳು ಬದನೆಕಾಯಿಯಂತಾದವು. ಹಳೆಯ ತೂತು ತುಂಬಿಸಿ ಹೊಸದು ಕೊರೆಯಲು ಪಂಪಾಪತಿ ಹುಡುಕಿಕೊಂಡು ಬಂದದ್ದು ಈ ಷಟರ್‌ಗೆ. ಕೆಲವು ಚೆಂಡು ಹಾಳು ಮಾಡಿಯೇ ಕಲಿತೆ ಎಂದು ಶಾವಲಿ ಒಪ್ಪಿಕೊಳ್ಳುತ್ತಾರೆ. ಈಗ ಹಟ್ಟಿಯಿಂದ ಪಾಳಿ ಮುಗಿಸಿದ ಗಣಿ ಕೆಲಸಗಾರರು ಬರುತ್ತಾರೆ, ಗೊರೇಬಾಳದಿಂದ ಬೈಕುಗಳಲ್ಲಿ ಹುಡುಗರು ಬರುತ್ತಾರೆ.

ಬಂದವರ ಕೈಯನ್ನು ಅವರು ಬಹಳ ಹೊತ್ತು ಹಿಡಿದು ನೋಡುತ್ತಾರೆ. ಅಂಗೈ ಅಗಲ, ಬೆರಳ ಗಿಣ್ಣು, ಹೆಬ್ಬೆರಳು ಯಾವ ಕಡೆ ವಾಲುತ್ತದೆ ಎಂಬುದು. ಚಹಾ ತಂದಿಟ್ಟ ಅವರ ಹೆಂಡತಿ ಹಸೀನಾಬೀ ಅಷ್ಟರಲ್ಲಿ ಮಾತು ಸೇರಿಸುತ್ತಾರೆ: "ನನ್ನ ಕೈ ಇಷ್ಟೊತ್ತು ಹಿಡಿದಿಲ್ರಿ ಈ ಮನಷ್ಯಾ. ಬಳಿ ತಂದ್ರ ಇವತ್ತಿಗೂ ಅಳತಿ ತಪ್ಪತಾರ."

ಅಳತೆಗೆ ಮೊದಲು ಇನ್ನೊಂದು ಕ್ರಮವಿದೆ. ಪಕ್ಕದ ಸೋಡಾ ಅಂಗಡಿಯ ಐಸ್ ಹಾಕಿದ ನೀರಿನ ಬಟ್ಟಲಲ್ಲಿ ಗಿರಾಕಿ ಹೆಬ್ಬೆರಳು ಅದ್ದಿ ಕೂರಬೇಕು. ಗೊರೇಬಾಳದ ಸಿದ್ದಲಿಂಗೇಶ ಕೇಳಿಯೇಬಿಟ್ಟ, "ಏನ್ ಚಾಚಾ, ಹೆಬ್ಬಟ್ಟಿಗೆ ಜಳಕ ಮಾಡಸ್ತೀರೇನು? ಸಾಬೂನ್ ತರ್ಲೇನು?"

"ಸುಮ್ಮ ಅದ್ದಲೇ," ಎಂದರು ಶಾವಲಿ. ನಗಲಿಲ್ಲ.

ಅವನು ಹೋದ ಮೇಲೆ, ನೀರು ಯಾಕೆ ಎಂದು ಪತ್ರಿಕೆಗೆ ಬರೆಯಲು ಬಂದಿದ್ದ ನಾನು ಕೇಳಿದ್ದಕ್ಕೆ ಅವರು ಎದ್ದು ಹೋಗಿ ಮೂಲೆಯ ಕಪಾಟಿನಿಂದ ಹಳೆಯ ಚಾದರದಲ್ಲಿ ಸುತ್ತಿದ ಚೆಂಡೊಂದನ್ನು ತಂದರು. ಕಡುಗೆಂಪು ಬಣ್ಣದ್ದು. "ಇದು ಗಂಗವ್ವಂದ್ರಿ."

ಗಂಗವ್ವ ಎಂದರೆ ಮಸ್ಕಿಯ ಶಿವಗಂಗಾ. ಕೆಲವು ವರ್ಷಗಳ ಹಿಂದೆ ಅವಳು ಸಿಂಧನೂರಿಗೆ ಕಾಲೇಜಿಗೆ ಬರುತ್ತಿದ್ದಳು. ಆಟ ಅವಳ ಕೈಗೆ ತಾನಾಗಿ ಒಲಿದಿತ್ತು. ಬೆಂಗಳೂರಿನಲ್ಲಿ ನಡೆಯುವ ಕಿರಿಯರ ಆಯ್ಕೆಗೆ ಪಂಪಾಪತಿ ಅವಳ ಹೆಸರು ಕೊಟ್ಟರು. ಅವಳ ಚೆಂಡಿಗೆ ಶಾವಲಿ ಅಳತೆ ತೆಗೆದದ್ದು ಮೇ ತಿಂಗಳ ಮಧ್ಯಾಹ್ನ, ಇದೇ ತಗಡಿನ ಸೂರಿನ ಕೆಳಗೆ.

"ನಮ್ಮ ಬಿಸಲಾಗ ಬೆರಳಾಗಿನ ಉಂಗರ ಹೊರಗ ಬರಂಗಿಲ್ರಿ, ಅಷ್ಟು ಬಾತಿರ್ತಾವ. ಪಂಪಾಪತಿಯವರ ಹಾಲಿನಾಗ ಬರೇ ಫ್ಯಾನು. ಇಲ್ಲಿ ಚೆಂಡು ಹೂವಿನಂಗ ಕುಂತಿತ್ತು. ಅಲ್ಲಿ ಎ.ಸಿ. ಮರದ ಹೆಬ್ಬಟ್ಟು ಥಂಡಿಗೆ ಸೊರಗಂಗಿಲ್ಲ, ಖರೇವಾದ್ದು ಸೊರಗತೈತಿ. ಇಷ್ಟು ಹೊಳೀಲಿಲ್ಲ ನನಗ."

ಅಲ್ಲಿ ತೋಳು ಹಿಂದಕ್ಕೆ ಬೀಸಿದಾಗಲೇ ಚೆಂಡು ಜಾರಿ, ಅವಳ ಬೆನ್ನ ಹಿಂದೆ, ಕೂತವರ ಕಡೆಗೆ ಉರುಳಿತು. ಹಾಲ್ ನಕ್ಕಿತು. ಆಯ್ಕೆ ಆಗಲಿಲ್ಲ. ಊರಿಗೆ ಬಂದವಳು ಶಾವಲಿ ಅವರೆದುರು ನಿಂತು ಹೇಳಿದ್ದು ಇಷ್ಟೇ: "ಚೆಂಡು ಛಲೋ ಇತ್ತು ಚಾಚಾ. ನನ್ನ ಕೈನಽ ನಡುಗ್ತು." ಮಸ್ಕಿ ಬಸ್ ನಿಲ್ದಾಣದಲ್ಲಿ ಹುಡುಗರು ಬಹಳ ದಿನ ಕಾಡಿದರು: "ಏನವ್ವಾ, ನಿನ್ನ ಚೆಂಡು ಬೆಂಗಳೂರಿಗೆ ಹೋಗಿ ತಿರುಗಿ ಮಸ್ಕಿಗೇ ಬಂತಂತಲ್ಲ!" ಅವಳು ಚೆಂಡನ್ನು ಪಂಪಾಪತಿಯವರಿಗೆ ಒಪ್ಪಿಸಿ, ಆಟ ಬಿಟ್ಟಳು.

ಅದನ್ನು ಬೇರೆಯವರ ಕೈಗೆ ಕೊರೆದುಕೊಡಿ ಎಂದು ಪಂಪಾಪತಿ ತಂದರು. ತೂತಿನೊಳಗೆ ಬೆರಳಿಟ್ಟ ಶಾವಲಿ ಅವರಿಗೆ ಅಂಟು ತಗುಲಿತು. ಪ್ಲಾಸ್ಟರ್ ಪಟ್ಟಿ, ಪದರದ ಮೇಲೆ ಪದರ. "ಕೈ ನಡುಗಿದಾಕಿ ತೂತಿಗೆ ಯಾಕ್ ಪಟ್ಟಿ ಹಚ್ಚತಾಳ್ರಿ? ಸಡಿಲ ಆದಾಗ ಹಚ್ಚತಾರ." ಚೆಂಡಿನಲ್ಲಿ ಬಿರುಕಿದೆ ಎಂದು ಹೇಳಿ ತಮ್ಮಲ್ಲೇ ಇಟ್ಟುಕೊಂಡರು. (ಪಂಪಾಪತಿಯವರು ಇದನ್ನು ಓದಿದರೆ ಕ್ಷಮಿಸಬೇಕೆಂದು ಕೇಳಿಕೊಂಡಿದ್ದಾರೆ.)

ತಪ್ಪು ತಮ್ಮದು ಎಂದು ಹೇಳಲು ಅವರು ಎರಡು ಸಲ ಮಸ್ಕಿ ಬಸ್ ಹತ್ತಿದ್ದಾರೆ. "ಇಳಿದೆ, ಚಾ ಕುಡಿದೆ, ಬಂದೆ. ಬಾಯಿ ಬರಲಿಲ್ಲ." ಅಷ್ಟರಲ್ಲಿ ಕಿರಿಯರ ಆಯ್ಕೆಗೆ ಅವಳ ವಯಸ್ಸೂ ಮೀರಿತು. "ಈಗ ನೀವು ಬರೀರಿ ಮೇಡಂರ. ಆಕೀ ಕೈ ನಡುಗಿಲ್ಲ, ಶಾವಲಿ ಅಳತಿ ತಪ್ಪಿತ್ತು ಅಂತ ಬರೀರಿ."

ಅವಳನ್ನು ಕೇಳದೆ ಬರೆಯುವಂತಿರಲಿಲ್ಲ. ಶಿವಗಂಗಾ ಈಗ ಲಿಂಗಸುಗೂರಿನ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ಎಲ್ಲ ಕೇಳಿಸಿಕೊಂಡು, ಸೀಮೆಸುಣ್ಣದ ಕೈ ಒರೆಸಿಕೊಳ್ಳುತ್ತ ಹೇಳಿದಳು: "ಅಲ್ಲೇ ಗೊತ್ತಾಗಿತ್ರಿ ನನಗ. ಪಟ್ಟಿ ಹಚ್ಚಿ ಹಚ್ಚಿ ನೋಡಿದೆ, ಸಾಲಲಿಲ್ಲ. ಚಾಚಾಗ ಹೇಳಿದ್ರ, ಅವರು ಮುಂದ ಯಾರ ಕೈನೂ ಹಿಡೀತಿರಲಿಲ್ಲ." ಸೀಮೆಸುಣ್ಣದ ಡಬ್ಬಿ ಮುಚ್ಚಿಟ್ಟಳು. "ಚೆಂಡು ಇಟ್ಟಾರಂತೇನ್ರಿ ಇನ್ನೂ? ಐತವಾರ ಬರ್ತೀನಂತ ಹೇಳ್ರಿ."

ಶನಿವಾರ ರಾತ್ರಿಯೇ ಶಾವಲಿ ಹಳೆಯ ತೂತು ತುಂಬಿಸಿದ್ದರು. ಭಾನುವಾರ ಅವಳು ಮೊದಲ ಬಸ್ಸಿಗೆ ಬಂದಳು. ಇಬ್ಬರೂ ಬೆಂಗಳೂರಿನ ಸುದ್ದಿ ಎತ್ತಲಿಲ್ಲ. "ಅದ್ದವ್ವ," ಎಂದು ಬಟ್ಟಲು ಮುಂದಿಟ್ಟರು. ಅವಳು ಅದ್ದಿದಳು. ಅಳತೆ ತೆಗೆದು ಕಡೆದ ಹೊಸ ಮರದ ಹೆಬ್ಬೆರಳನ್ನು ಹಳೆಯದರ ಪಕ್ಕ ನಿಲ್ಲಿಸಿ ಶಾವಲಿ ಬಹಳ ಹೊತ್ತು ನೋಡಿದರು. ಕೂದಲೆಳೆಯ ವ್ಯತ್ಯಾಸ. ಆಮೇಲೆ ಕೊರೆದರು, ಉಜ್ಜಿದರು, ಗೂಟ ತೂರಿಸಿ ಎಳೆದರು.

ಟಪ್.

ಪಂಪಾಪತಿಯವರ ಹಾಲ್ ಇನ್ನೂ ತೆರೆದಿರಲಿಲ್ಲ. ಕಾವಲುಗಾರ ಬೀಗ ತೆಗೆದುಕೊಟ್ಟು ಚಹಾಕ್ಕೆ ಹೋದ. ಒಳಗೆ ಒಂದೇ ದೀಪ. ಈ ಚೆಂಡು ಇನ್ನು ಯಾವ ಆಯ್ಕೆಗೂ ಹೋಗಬೇಕಾಗಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಶಿವಗಂಗಾ ದುಪಟ್ಟಾ ಸೊಂಟಕ್ಕೆ ಬಿಗಿದಳು, ತೋಳು ಬೀಸಿದಳು. ಒಂದೇ ಒಂದು ಸಲ. ಚೆಂಡು ಮುಂದಕ್ಕೆ ಹೋಯಿತು. ದಾರಿಯ ಆ ಕೊನೆಯಿಂದ ಸದ್ದು ಬಂತು. ಶಾವಲಿ ಮುಖ ಗೋಡೆಯ ಕಡೆ ತಿರುಗಿಸಿ ಕಣ್ಣೊರೆಸಿಕೊಂಡರು.

ಎಷ್ಟು ಬಿದ್ದವೆಂದು ಬರೆಯಲೇ ಎಂದು ಕೇಳಿದಾಗ ಶಿವಗಂಗಾ ಚೆಂಡನ್ನು ಮತ್ತೆ ಚಾದರದಲ್ಲಿ ಸುತ್ತುತ್ತಿದ್ದಳು. "ಚಾಚಾ ಹೇಳಿದ್ದು ಬರೀರಿ, ಅದು ಅವರ ಮಾತು. ಇದು ನಂದ್ರಿ. ಯಾರಿಗೂ ಹೇಳಂಗಿಲ್ಲ ನಾ."

ಗಂಟು ಬಿಗಿದು ಶಾವಲಿ ಅವರ ಕೈಗೆ ಕೊಟ್ಟಳು. "ಮಸ್ಕಿ ಬಸ್ ಸ್ಟ್ಯಾಂಡಿಗಂತೂ ಬಿಲ್ಕುಲ್ ಇಲ್ಲ. ಹೌದಲ್ರಿ ಚಾಚಾ?"

"ನಾ ಎಲ್ಲಿ ನೋಡೀನವ್ವ," ಎಂದರು ಶಾವಲಿ, ದೀಪ ಆರಿಸುತ್ತ.