ಬೈಯಲು ಬಾರದ ಊರಿನಲ್ಲಿ ಹಳದಿ ಗೋಡೆ

‘ಮನೆ ಖಾಲಿ ಮಾಡಿ’ ಎಂಬ ಮಾತು ನನಗೆ ಒಂದು ಬಟ್ಟಲು ಶಾವಿಗೆ ಪಾಯಸದ ಜೊತೆ ಬಂತು. ತಂದವರು ಕೆಳಗಿನ ಮನೆಯ ಪುಟ್ಟಮ್ಮನವರು, ನಮ್ಮ ಮನೆ ಮಾಲೀಕರಾದ ಚನ್ನೇಗೌಡರ ಹೆಂಡತಿ. ಬಟ್ಟಲನ್ನು ನನ್ನ ಕೈಗಿಟ್ಟು, ನಾನು ಹೊಸದಾಗಿ ಬಣ್ಣ ಹಚ್ಚಿದ್ದ ಪಡಸಾಲೆಯನ್ನು ಒಮ್ಮೆ ಸುತ್ತ ನೋಡಿ, ನಕ್ಕು, “ಬಣ್ಣ ಚೆನ್ನಾಗ್ ಬಂದದೆ ಕಣಮ್ಮ. ನಮ್ ಮಗಳು ಅಳಿಯ ಈ ಕಡೇಗೇ ಬಂದ್ಬುಡೋಣ ಅಂತಿದ್ದಾರೆ. ಅವ್ರಿಗೂ ಒಂದ್ ಮನೆ ಅಂತ ಬೇಕಾಗ್ತದೆ, ನೋಡಿ” ಅಂದರು. ನಾನು ಅಲ್ಲೇ ಪಾಯಸ ಕುಡಿಯುತ್ತ, “ಬರ್ಲಿ ಬಿಡ್ರಿ, ಛಲೋ ಆತು! ಮಗಳು ಹತ್ತರ ಆಗ್ತಾಳ. ಮನಿ ಹುಡುಕಾಕ ನಾನೂ ಬರ್ತೀನಿ” ಅಂದೆ. ಅವರ ಮುಖ ಸಣ್ಣಗಾಯಿತು. ಬಟ್ಟಲನ್ನೂ ಕೇಳದೆ ಮೆಟ್ಟಿಲಿಳಿದು ಹೋದರು.

ಪಕ್ಕದ ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದ ಸಿಸಿಲಿಯಾ ಟೀಚರ್ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಹುಟ್ಟಿ ಬೆಳೆದದ್ದೆಲ್ಲ ಮೈಸೂರೇ ಆದ ಅವರು, ಈ ಊರನ್ನು ನನಗೆ ಬಿಡಿಸಿ ಹೇಳುವ ಕೆಲಸವನ್ನು ತಾವಾಗಿಯೇ ಮೈಮೇಲೆ ಹಾಕಿಕೊಂಡಿದ್ದರು.

“ಅಯ್ಯೋ, ಅವ್ರು ಬಂದಿದ್ದು ನಿಮ್ಮನ್ನ ಮನೆ ಬಿಡಿ ಅನ್ನೋಕೆ ಕಣ್ರೀ!”

“ಹಂಗಂತ ಎಲ್ಲಿ ಅಂದ್ರು ಅವ್ರು?”

“ಇನ್ನೆಂಗೆ ಹೇಳ್ಬೇಕು? ಪಾಯಸ ಬೇರೆ ತಂದಿದ್ರಲ್ಲ!”

ವಿಜಯಪುರದ ಕಡೆ ಕೂತು ಇದನ್ನು ಓದುತ್ತಿರುವ ನಿಮಗೆ ನಗು ಬರಬಹುದು. ನಮ್ಮಲ್ಲಿ ಮನೆ ಬಿಡಿಸುವವರು ಬಾಗಿಲಿಗೆ ಬಂದು ಓಣಿಗೆಲ್ಲ ಕೇಳುವ ಹಾಗೆ ಒದರುತ್ತಾರೆ. ನಾವೂ ಸುಮ್ಮನಿರುವುದಿಲ್ಲ. ಎರಡೂ ಕಡೆಯವರ ಗಂಟಲು ಒಣಗಿದ ಮೇಲೆ ಯಾರೋ ಚಹಾ ಮಾಡುತ್ತಾರೆ, ಚಹಾ ಕುಡಿಯುವಾಗ ರಾಜಿಯಾಗಿ, ಎಷ್ಟೋ ಸಲ ಮನೆ ಬಿಡುವುದೇ ತಪ್ಪಿಹೋಗುತ್ತದೆ. ಪಾಯಸ ತಂದವರ ಹತ್ತಿರ ಜಗಳ ಆಡುವುದು ಹೇಗೆ? ಅದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಯಜಮಾನರದು ರೈಲ್ವೆ ನೌಕರಿ. ವರ್ಗವಾಗಿ ನಾವಿಬ್ಬರೂ ಮೈಸೂರಿಗೆ ಬಂದು ಒಂಟಿಕೊಪ್ಪಲಿನ ಈ ಮಹಡಿ ಮನೆ ಹಿಡಿದೆವು. ಬಂದ ಹೊಸದರಲ್ಲಿ ನಾನು ಊರವರಿಗೆಲ್ಲ ಬರೆದಿದ್ದೆ, ಇಲ್ಲಿ ಮೇ ತಿಂಗಳಲ್ಲೂ ತಣ್ಣಗಿನ ಗಾಳಿ, ನಲ್ಲಿಯಲ್ಲಿ ನೀರು, ಬೀದಿ ತುಂಬ ಮರ ಅಂತ. ಅದೆಲ್ಲ ಖರೆ. ಬರೆಯದೆ ಬಿಟ್ಟದ್ದು ಬೇರೆ ಇದೆ. ನಸುಕಿನಲ್ಲಿ ನಾನು ರೊಟ್ಟಿ ಬಡಿದರೆ ಕೆಳಗಿನವರು ಮೇಲೆ ಬಂದು, “ಏನಾದ್ರೂ ರಿಪೇರಿ ನಡೀತಾ ಇದ್ಯಾ?” ಅಂತ ಮೆತ್ತಗೆ ಕೇಳುತ್ತಿದ್ದರು. ಬಸ್ಸಾರು ಅಂತ ಇಲ್ಲೊಂದು ಸಾರಿದೆ, ಬೇಳೆ ಸೊಪ್ಪು ಬೇಯಿಸಿ ಬಸಿದ ನೀರಿನಿಂದ ಮಾಡುತ್ತಾರೆ. ಮುದ್ದೆಯನ್ನು ಅದರಲ್ಲಿ ಅದ್ದಿ ಅಗಿಯದೆ ನುಂಗಬೇಕಂತೆ. ಅಗಿದೆ ಅಂತ ಯಾರೂ ಬೈಯಲಿಲ್ಲ, ನೋಡಿಯೂ ನೋಡದವರ ಹಾಗೆ ಬೇರೆ ಕಡೆ ತಿರುಗಿಕೊಂಡರು. ಒಂದು ವರ್ಷ ಈ ಊರಿನಲ್ಲಿ ನನಗೆ ಒಬ್ಬರಾದರೂ ದನಿ ಎತ್ತಿ ಒಂದು ಮಾತು ಆಡಿರಲಿಲ್ಲ. ನಮ್ಮ ಕಡೆ ಬೈಯುವುದು ಮನೆಯವರನ್ನು. ಬೀಗರನ್ನು, ಪರಊರಿನವರನ್ನು ಮಾತ್ರ ಬೈಯುವುದಿಲ್ಲ. ಹಾಗಾಗಿ ನಾನು ವರ್ಷವಿಡೀ ಬೀಗತಿಯಾಗಿಯೇ ಉಳಿದಿದ್ದೆ.

ಅದರ ಮೇಲೆ ಆ ಪಡಸಾಲೆ. ಇಲ್ಲಿ ಅದಕ್ಕೆ ಹಾಲ್ ಅನ್ನುತ್ತಾರೆ. ಉತ್ತರಕ್ಕೆ ಮುಖ, ಕಿಟಕಿಗೆ ಅಡ್ಡ ಮಾವಿನ ಮರ, ಗೋಡೆಗೆ ಯಾವ ಕಾಲದ್ದೋ ಕ್ರೀಮ್ ಬಣ್ಣ, ಒಡೆದ ಹಾಲಿನ ಹಾಗೆ. ಊರಲ್ಲಿ ಬಿಸಿಲಿನ ಝಳ ತಟ್ಟದಿರಲಿ ಅಂತ ನಾವು ಸುಣ್ಣಕ್ಕೆ ಚೂರು ನೀಲಿ ಹಾಕಿ ಹಚ್ಚುತ್ತೇವೆ, ಕಣ್ಣಿಗೆ ತಂಪು. ಇಲ್ಲಿ ತಂಪಿಗೇನು ಕಡಿಮೆ? ನನಗೆ ಬೇಕಾಗಿದ್ದದ್ದು ಬಿಸಿಲು. ಆ ಕೋಣೆಯಲ್ಲಿ ಒಬ್ಬಳೇ ಕೂತು ಅತ್ತದ್ದೂ ಉಂಟು. ಕೊನೆಗೆ ಯಜಮಾನರಿಗೆ ಹೇಳಿಬಿಟ್ಟೆ, “ಒಂದೋ ಈ ಗ್ವಾಡಿ ಹಳದಿ ಆಗಬೇಕು, ಇಲ್ಲಾ ನಾ ಊರಿಗೆ ಹೋಗ್ತೀನಿ.”

ಬಾಡಿಗೆ ಮನೆ, ಕೇಳದೆ ಹಚ್ಚುವವಳಲ್ಲ ನಾನು. ಕೆಳಗೆ ಹೋಗಿ ಚನ್ನೇಗೌಡರನ್ನು ಕೇಳಿದೆ. ಅವರದು ಮಂಡಕಳ್ಳಿ ಕಡೆಯ ಬೇಸಾಯದ ಮನೆತನ, ಸರ್ಕಾರಿ ಕೆಲಸ ಮಾಡಿ ನಿವೃತ್ತರಾದವರು, ಬಲು ಮೆದು ಮಾತು. ನಾನು ಹಳದಿ ಅಂದೆ. ಅವರು ನಕ್ಕರು, ಕಾಫಿ ತರಿಸಿದರು, ಈ ವರ್ಷದ ಮಾವಿನ ಫಸಲಿನ ವಿಷಯ ಮಾತಾಡಿದರು, ಬಾಗಿಲ ತನಕ ಬಂದು ಕಳಿಸಿಕೊಟ್ಟರು. ಬೇಡ ಅನ್ನಲಿಲ್ಲ. ಬೇಡ ಅನ್ನಲಿಲ್ಲ ಅಂದಮೇಲೆ ಹೂಂ ಅಂತಲೇ ಅಲ್ಲವೇ? ನಮ್ಮಲ್ಲಿ ಬೇಡ ಅನ್ನುವವರು ಕಾಫಿ ಕೊಡುತ್ತಾರೆಯೇ?

ಮಾರನೆಯ ದಿನವೇ ಪೇಂಟ್ ಅಂಗಡಿಗೆ ಹೋದೆ. ಶೇಡ್ ಕಾರ್ಡಿನಲ್ಲಿ ಹಳದಿಯೇ ಒಂದು ಪುಟ ತುಂಬ. ಅಲ್ಲಿ ನನ್ನ ಸುಣ್ಣದ ಬುದ್ಧಿ ಕೈಕೊಟ್ಟಿತು. ಸುಣ್ಣಕ್ಕೆ ಯಾವ ಬಣ್ಣ ಬೆರೆಸಿದರೂ ಹಸಿ ಇದ್ದಾಗ ಗಾಢವಾಗಿ ಕಂಡು, ಒಣಗಿದ ಮೇಲೆ ತಿಳಿಯಾಗುತ್ತದೆ. ಸಣ್ಣವಳಿದ್ದಾಗಿನಿಂದ ಅವ್ವನ ಜೊತೆ ಸುಣ್ಣ ಹಚ್ಚಿದವಳು ನಾನು, ಇಷ್ಟೂ ತಿಳಿಯದೇ? ಅದಕ್ಕೇ ಬೇಕಾದ್ದಕ್ಕಿಂತ ಕಾರ್ಡಿನಲ್ಲಿ ಎರಡು ಚೌಕ ಗಾಢವಾದದ್ದನ್ನೇ ಆರಿಸಿದೆ. ಅಂಗಡಿಯವನು, “ಮೇಡಂ, ಒಂದ್ಸಲ ಯೋಚ್ನೆ ಮಾಡಿ” ಅಂದ. ಅವನೂ ಮೈಸೂರಿನವನೇ, ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಯಜಮಾನರು ಡ್ಯೂಟಿಗೆ ಹೋದ ಮೇಲೆ ಸೆರಗು ಸಿಕ್ಕಿಸಿ ಏಣಿ ಹತ್ತಿದೆ. ಹಳೆಯ ಬಣ್ಣ ಕೆರೆದೆ, ಬಿರುಕಿಗೆ ಪುಟ್ಟಿ ತುಂಬಿದೆ, ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡಿದೆ, ಪ್ರೈಮರ್ ಹಚ್ಚಿ ಒಣಗಲು ಬಿಟ್ಟೆ. ಕಿಟಕಿಯ ಆಚೆ ಬೀದಿಯ ಹೆಂಗಸರು ಬಾಯಿ ಬಿಟ್ಟು ನೋಡುತ್ತಿದ್ದರು. ಇಲ್ಲಿ ಬಣ್ಣ ಹೊಡೆಯುವುದಕ್ಕೆ ಆಳು ಕರೆಸುತ್ತಾರೆ, ಹೆಂಗಸು ಏಣಿ ಹತ್ತುವುದು ಅವರಿಗೆ ಸರ್ಕಸ್ಸು. ರೋಲರ್ ಉರುಳಿಸಿದೆ. ಹಸಿಯಲ್ಲೇ ಹಳದಿ ಸ್ವಲ್ಪ ಜೋರು ಅನ್ನಿಸಿತು. ಒಣಗಿದರೆ ತಿಳಿಯಾಗುತ್ತದೆ ಅಂದುಕೊಂಡು ಎರಡನೆಯ ಕೋಟನ್ನೂ ಹೊಡೆದೆ. ಒಣಗಿತು ನೋಡಿ. ಈ ಬಣ್ಣ ಒಣಗಿದ ಮೇಲೆ ಇನ್ನಷ್ಟು ಗಾಢವಾಗುವ ಜಾತಿಯಂತೆ! ಒಂದು ಗೋಡೆಯ ಹಳದಿ ಎದುರು ಗೋಡೆಗೆ ಬಡಿದು ಕೋಣೆಯೆಲ್ಲ ಭಗ್ಗೆಂದಿತು. ಆದರೂ ನನಗೆ ಖುಷಿಯೇ ಆಯಿತು. ಒಂದು ವರ್ಷದ ಮೇಲೆ ಬಿಸಿಲಲ್ಲಿ ಕೂತ ಹಾಗಾಯಿತು. ಗೌಡರು ಮೇಲೆ ಬಂದು ನೋಡಿ, “ಓಹೋ, ಚೆನ್ನಾಗಿದೆ” ಅಂದು ಇಳಿದುಹೋದರು. ಅದಾಗಿ ಎರಡೇ ದಿನಕ್ಕೆ ಪಾಯಸ ಬಂದದ್ದು.

ಸಂಜೆ ಯಜಮಾನರು, “ಬ್ಯಾರೆ ಮನಿ ನೋಡೂಣು” ಅಂದರು. ನನಗೆ ತಲೆಗೆ ಏರಿತು. ಮೂರು ತಿಂಗಳು ಅಲೆದು ಹುಡುಕಿದ ಮನೆ, ಮೊದಲ ಸಲ ನನ್ನದು ಅನ್ನಿಸಿದ ಕೋಣೆ. ಇದನ್ನು ಬಿಟ್ಟರೆ ನಾನು ಮೈಸೂರನ್ನೇ ಬಿಡುವವಳು, ನೀವು ಒಬ್ಬರೇ ರೂಮು ಮಾಡಿಕೊಂಡು ಇರಿ ಅಂತ ಹೇಳಿ, ಪಾಯಸದ ಬಟ್ಟಲು ತೊಳೆದುಕೊಂಡು ದಡದಡ ಕೆಳಗೆ ಹೋದೆ. ಗೌಡರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು.

“ಗೌಡ್ರ, ನಮ್ಮ ಮ್ಯಾಲ ಸಿಟ್ಟಾಗೀರೇನು?”

“ಛೆ ಛೆ, ಎಲ್ಲಾದ್ರೂ ಉಂಟೇ! ಕೂತ್ಕೊಳ್ಳಿ. ಇವ್ಳೇ, ಕಾಫಿ ಮಾಡು.”

“ಕಾಫಿ ಬ್ಯಾಡ್ರಿ! ಆವತ್ತ ಕಾಫಿ ಕೊಟ್ರಿ, ಇವತ್ತ ಪಾಯಸ ಕೊಟ್ರಿ, ಹೊಟ್ಟಿ ತುಂಬೈತಿ. ಸಿಟ್ಟು ಬಂದಿದ್ರ ಬಾಯಿ ಬಿಟ್ಟು ಬೈರಿ! ನಕ್ಕೋತ ನಕ್ಕೋತ ಯಾರರ ಮನಿ ಬಿಡಸ್ತಾರೇನ್ರಿ?”

ಗೌಡರು ಪೇಪರ್ ಮಡಿಸಿದರು. ಕಿವಿ ಕೆಂಪಾಯಿತು. “ನೋಡೀಮ್ಮ…” ಅಂತ ಮೆತ್ತಗೇ ಶುರುಮಾಡಿದರು, ಆಮೇಲೆ ಅದೇನಾಯಿತೋ, ಎದ್ದು ನಿಂತುಬಿಟ್ಟರು.

“ಏನ್ ಕಣಮ್ಮ ನೀನು! ಅದೇನು ಬಣ್ಣವಾ, ಬೆಂಕಿಯಾ? ಕಣ್ಣು ಕುಕ್ತದೆ! ಲೈಟ್ ಹಾಕಿದ್ರೆ ಬೀದಿಗೆಲ್ಲ ಹೊಡೀತದೆ, ನಿನ್ನೆ ಯಾರೋ ಹೋಟ್ಲು ಅನ್ಕೊಂಡು ಗೇಟ್ ತೆಗೀತಿದ್ರು! ನನ್ನ ಒಂದ್ ಮಾತು ಕೇಳ್ದೆ ಬಳ್ದ್ಬುಟ್ಟಲ್ಲ!”

“ಕೇಳಿದ್ನಲ್ರೀ! ಕಾಫಿ ಕೊಟ್ರಿ!”

“ಕಾಫಿ ಕೊಟ್ಟೆ ಕಣಮ್ಮ, ಒಪ್ಪಿಗೆ ಎಲ್ಲಿ ಕೊಟ್ಟೆ?”

ಸತ್ಯ ಹೇಳುತ್ತೇನೆ, ನನ್ನ ಕಣ್ಣಲ್ಲಿ ನೀರು ಬಂತು, ಸಂತೋಷಕ್ಕೆ. ‘ನೀನು’ ಅಂದಿದ್ದರು! ನಮ್ಮ ಸೋದರಮಾವ ಬೈದ ಹಾಗೇ ಬೈದಿದ್ದರು. ನಾನು ಬಿಡಲಿಲ್ಲ. “ಮತ್ತ ನಿಮ್ಮ ಕ್ರೀಮ್ ಏನು ಭಾಳ ಛಂದ ಐತೇನು? ಅದರಾಗ ಕುಂತ್ರ ದವಾಖಾನಿಯಾಗ ಕುಂತಂಗ ಆಗ್ತದ!” ಅಂದೆ.

“ಆ ಕ್ರೀಮ್ ಕಂಡ್ರೆ ನಂಗೆಲ್ಲಿ ಆಗ್ತದೆ?” ಅಂತ ಗೌಡರು ಅದೇ ಜೋರಿನಲ್ಲಿ ಕೂಗಿದರು. “ಮನೆ ಕಟ್ಸಿದಾಗಿಂದ ನೋಡಿ ನೋಡಿ ಸಾಕಾಗದೆ! ನಂಗೆ ಬೇಕಾಗಿದ್ದು ಹಸ್ರು. ನಾಟಿ ಮಾಡಿದ್ ಗದ್ದೆ ಹಸ್ರು!”

ಅಡುಗೆಮನೆಯ ಬಾಗಿಲಲ್ಲಿ ಪುಟ್ಟಮ್ಮನವರು ಕಾಫಿ ಲೋಟ ಹಿಡಿದು ನಿಂತಿದ್ದರು. “ಅಲ್ರೀ, ನಿಮ್ಗೆ ಕ್ರೀಮ್ ಇಷ್ಟ ಅಂತಲ್ವಾ ನಾನು ಇಷ್ಟ್ ವರ್ಷ ಸುಮ್ನಿದ್ದಿದ್ದು?”

“ನಿಂಗಿಷ್ಟ ಅಂತ ನಾನ್ ಸುಮ್ನಿದ್ದೆ ಕಣೆ!”

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೊದಲು ನಕ್ಕವರು ಪುಟ್ಟಮ್ಮ. ಅವರು ನಗುತ್ತ ನಗುತ್ತ ಲೋಟ ಕೆಳಗಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮಗಳು ಅಳಿಯ ಬರುವ ಮಾತು ಏನಾಯಿತು ಅಂತ ಕೇಳಿದೆ. “ಅವ್ರೆಲ್ಲಿ ಬರ್ತಾರೆ, ಸುಮ್ನಿರಮ್ಮ” ಅಂದರು ಗೌಡರು. ಆವತ್ತು ಅಲ್ಲೇ ಕೂತು ಬಸ್ಸಾರು ಮುದ್ದೆ ಉಂಡೆ. ನಾನು ಅಗಿದೆ. “ಅಗೀಬ್ಯಾಡ ಕಣಮ್ಮ, ನುಂಗು!” ಅಂತ ಪುಟ್ಟಮ್ಮ ಗದರಿದರು.

ಮರುದಿನ ಮೂವರೂ ಪೇಂಟ್ ಅಂಗಡಿಗೆ ಹೋದೆವು. ಈ ಸಲ ನಾನು ಬುದ್ಧಿ ಕಲಿತಿದ್ದೆ. ಸಣ್ಣ ಡಬ್ಬಿಗಳನ್ನು ತಂದು, ಗೋಡೆಯ ಮೇಲೆ ಪೇಪರಿನಷ್ಟು ಅಗಲಕ್ಕೆ ಹಚ್ಚಿ, ಒಣಗಲು ಬಿಟ್ಟು, ಬೆಳಿಗ್ಗೆಯ ಬೆಳಕಿಗೊಮ್ಮೆ ಸಂಜೆಯ ದೀಪಕ್ಕೊಮ್ಮೆ ನೋಡಿದೆವು. ಗೌಡರು ಒಮ್ಮೆ ಬಾಯಿ ಬಿಟ್ಟ ಮೇಲೆ ತಡೆಯುವವರೇ ಇಲ್ಲ. “ಥೂ, ಇದು ಬೇಡ”, “ಇದು ಕಾಮಾಲೆ”, “ಇದು ವಸಿ ಪರ್ವಾಗಿಲ್ಲ.” ವಸಿ ಅಂದರೆ ಇಲ್ಲಿ ಸ್ವಲ್ಪ ಅಂತ. ಕೊನೆಗೆ ಕಡಲೆಹಿಟ್ಟಿನಂಥ ಒಂದು ಹಳದಿಗೆ ಗೌಡರೂ ನಾನೂ ಹೂಂ ಅಂದೆವು. ಅದನ್ನು ನಾನೇ ಹೊಡೆದೆ, ಗೌಡರು ಏಣಿ ಹಿಡಿದುಕೊಂಡು ನಿಂತು, ಬಿಟ್ಟುಹೋದ ಜಾಗವನ್ನೆಲ್ಲ ಬೆರಳು ಮಾಡಿ ತೋರಿಸಿ ನನ್ನ ಜೀವ ತಿಂದರು. ದಸರೆಗೆ ಮುಂಚೆ ಅವರ ಹಾಲಿಗೂ ಗದ್ದೆ ಹಸಿರು ಬಂತು. ಅದನ್ನು ಹೊಡೆದವಳೂ ನಾನೇ. ಬೀದಿಯವರೆಲ್ಲ ನೋಡಲು ಬಂದರು. ಸಿಸಿಲಿಯಾ ಟೀಚರ್, “ಕ್ರಿಸ್ಮಸ್ಸಿಗೆ ನಮ್ಮನೇದೂ ನೀವೇ ಮಾಡ್ಕೊಡ್ಬೇಕು” ಅಂದರು. ಗೆದ್ದೆ ಅನ್ನಿಸಿತು. ಆವತ್ತಿನ ಹಾಗೆ ಎದೆ ಉಬ್ಬಿಸಿಕೊಂಡು ನಾನು ಈ ಬೀದಿಯಲ್ಲಿ ನಡೆದದ್ದೇ ಇಲ್ಲ.

ಮೊನ್ನೆ ವಿಜಯಪುರದಿಂದ ತಂಗಿ ಸುನಂದಾ ವಿಡಿಯೋ ಕಾಲ್ ಮಾಡಿದ್ದಳು. ಅವಳೂ ಪಡಸಾಲೆಗೆ ಹೊಸ ಬಣ್ಣ ಹಚ್ಚಿಸಿದ್ದಾಳೆ, ಬದನೆಕಾಯಿ ಬಣ್ಣ. “ಹೆಂಗೈತಿ?” ಅಂತ ಕೇಳಿದಳು. ಹಿಂದಿನ ನಾನಾಗಿದ್ದರೆ ಚೆನ್ನಾಗಿಲ್ಲ ಅಂತ ಮುಖಕ್ಕೇ ಹೇಳುತ್ತಿದ್ದೆ. ಆವತ್ತು ಬಾಯಿಗೆ ಬಂದದ್ದು ಬೇರೆಯೇ.

“ಕಿಟಕಿ ದೊಡ್ಡದ ಐತಲ್ಲ, ಗಾಳಿ ಛಲೋ ಬರ್ತದ.”

“ಬಣ್ಣ ಕೇಳಿದ್ರ ಕಿಟಕಿ ಹೇಳ್ತಿ? ಖರೆ ಖರೆ ಹೇಳ ನೀ!”

“ಛಂದ ಐತಿ. ಚಾ ಕುಡದಿ ಏನು?”

ಅವಳಿಗೆ ಸಿಟ್ಟು ಬಂತು. “ನೀ ಮೈಸೂರಾಕಿ ಆದಿ ಬಿಡು. ಮುಖ ನೋಡಿ ಒಂದ್ ಬೈಗಳಾನೂ ಬರವಲ್ದು ನಿನಗ” ಅಂದಳು. ಅವಳ ಮಾತಿಗೆ ನೋವಾಯಿತು. ಅಷ್ಟರಲ್ಲಿ ಕೆಳಗಿನಿಂದ ಗೌಡರ ದನಿ ಮೆಟ್ಟಿಲು ಹತ್ತಿ ಬಂತು.

“ಬಿಜಾಪುರದಮ್ಮಾ! ಟ್ಯಾಂಕ್ ತುಂಬಿ ಹರೀತಾ ಅದೆ, ಮೋಟ್ರು ಆರ್ಸು! ಕಿವಿ ಎಲ್ಲಿ ಮಡಿಕ್ಕಂಡಿದ್ದೀಯೆ?”

ಫೋನಿನಲ್ಲಿ ಸುನಂದಾಳ ಮುಖ ಅರಳಿತು. “ಯಾರ ಅಕ್ಕಾ ಅವ್ರು? ನಮ್ಮ ಮಂದಿ ಯಾರರ ಸಿಕ್ಕಾರೇನ ಅಲ್ಲಿ?”

“ಹೌದು” ಅಂದೆ, ಮೋಟರು ಆರಿಸಲು ಓಡಿದೆ.