ತಂಗಿಯ ತಲೆಯಲ್ಲಿ ಕೇಳಿದ ಸದ್ದು

ನಿಜಾಮರ ಆಳ್ವಿಕೆಯ ಕೊನೆಯ ಬೇಸಿಗೆಯಲ್ಲಿ ನನ್ನ ತಂಗಿ ಚೊಚ್ಚಲ ಹೆರಿಗೆಗೆಂದು ನಮ್ಮ ಮನೆಗೆ ಬಂದಳು. ನಮ್ಮೂರು ಬಸವಕಲ್ಯಾಣಕ್ಕೆ ಆಗ ಕಲ್ಯಾಣಿ ಎನ್ನುತ್ತಿದ್ದೆವು. ತಂದೆ ತಾಯಿ ತೀರಿಹೋಗಿದ್ದರು, ನನ್ನ ಮನೆಯೇ ಅವಳಿಗೆ ತವರು. ಕೊಟ್ಟದ್ದು ಹುಮನಾಬಾದಿಗೆ. ಗಂಡನಿಗೆ ಅಲ್ಲಿ ಕಾಳುಕಡಿಯ ಅಂಗಡಿ. ನಮ್ಮತ್ತೆ ಓಣಿಯ ಸೂಲಗಿತ್ತಿ. ಅವರ ಹಿಂದೆ ತಿರುಗಿ ತಿರುಗಿ ನಾನೂ ಆ ಕೆಲಸ ಕಲಿತಿದ್ದೆ.

ತಂಗಿಗೆ ಸಣ್ಣಂದಿನಿಂದ ಎಡಗಡೆಯ ತಲೆನೋವು. ಬಂದರೆ ಎರಡು ದಿನ ಬೆಳಕು ನೋಡುತ್ತಿರಲಿಲ್ಲ. ನಾವು ಯಾರೂ ಅದನ್ನು ದೊಡ್ಡದು ಮಾಡಿರಲಿಲ್ಲ. ಏಳು ತಿಂಗಳು ತುಂಬಿದ ಮೇಲೆ ಒಂದು ದಿನ ಜೋಳ ಹಸನು ಮಾಡುತ್ತಿದ್ದವಳು ಮೊರದ ಮೇಲೆಯೇ ಬಿದ್ದಳು. ಬಲಗೈ ಸೆಟೆದು ನಡುಗಿತು, ಬಾಯಲ್ಲಿ ನೊರೆ ಬಂತು. ಅತ್ತೆ ಗಾಳಿ ಸೋಕಿದೆ ಎಂದರು. ಅರಿಶಿಣದ ಕೊಂಬು ಕೆಂಡದಲ್ಲಿ ಕಾಯಿಸಿ ಹಣೆಗೆ ಬರೆ ಎಳೆದರು. ಬರೆ ಕಪ್ಪಾಗಿ ಉಳಿಯಿತು. ಎಂಟೇ ದಿನಕ್ಕೆ ಮತ್ತೆ ಬಿದ್ದಳು.

ಅದಾದ ಮೇಲೆ ಒಂದು ಮಧ್ಯಾಹ್ನ ಅವಳ ಹೊಟ್ಟೆಗೆ ಕಿವಿ ಹಚ್ಚಿ ಕೂಸಿನ ಎದೆಬಡಿತ ಕೇಳುತ್ತಿದ್ದೆ. ಅವಳು ಮಲಗಿದಲ್ಲಿಂದಲೇ ಹೇಳಿದಳು:

"ತಲ್ಯಾಗೂ ಏನೋ ಬುಸುಗುಡಾಕತ್ತದ ಅಕ್ಕಾ. ಕೆಲಸದಾಗ ಗೊತ್ತಾಗಂಗಿಲ್ಲ. ಮಲಗಿದ್ರ ಬಿಡಂಗಿಲ್ಲ. ಅಲ್ಲೊಂದು ಕೂಸು ಕೂತದೋ ಏನೋ, ಹಂಗ ಕಿವಿ ಇಟ್ಟು ನೋಡು."

ನಾನೂ ನಗುತ್ತಲೇ ಅವಳ ಎಡಗಿವಿಯ ಹಿಂದೆ ಕಿವಿ ಒತ್ತಿದೆ. ಕೇಳಿಸಿತು. ಬಸುರಿಯ ಹೊಟ್ಟೆಯ ಮಗ್ಗುಲಿಗೆ ಕಿವಿ ಹಚ್ಚಿದರೆ ತಾಯಿಯ ರಕ್ತ ಕೂಸಿನ ಕಡೆಗೆ ನುಗ್ಗುವ ಒಂದು ಸದ್ದು ಕೇಳುತ್ತದೆ. ಥೇಟ್ ಅದೇ ಸದ್ದು. ಅವಳ ಮುಂಗೈ ಹಿಡಿದು ನೋಡಿದೆ. ನಾಡಿ ಒಮ್ಮೆ ಬಡಿದರೆ ತಲೆಯಲ್ಲಿ ಒಮ್ಮೆ ಬುಸ್ಸೆನ್ನುತ್ತಿತ್ತು. ಹೊಟ್ಟೆಯಲ್ಲಿ ಆ ಸದ್ದು ಇರಬೇಕಾದದ್ದು. ತಲೆಯಲ್ಲಿ ಅದಕ್ಕೇನು ಕೆಲಸ? ನನ್ನ ನಗು ನಿಂತಿತು.

ಮರುದಿನವೇ ಬಸ್ಸು ಹಿಡಿದು ಹುಮನಾಬಾದಿಗೆ ಕರೆದುಕೊಂಡು ಹೋದೆ. ಅಲ್ಲಿ ಹೈದರಾಬಾದಿನಲ್ಲಿ ಓದಿ ಬಂದ ವಯಸ್ಸಾದ ಡಾಕ್ಟರೊಬ್ಬರ ದವಾಖಾನೆ ಇತ್ತು. ತಂಗಿಯ ಗಂಡನೂ ಅಂಗಡಿ ಮುಚ್ಚಿ ಬಂದ. ಡಾಕ್ಟರು ಅವಳ ಕಣ್ಣು ಮುಚ್ಚಿಸಿ ರೆಪ್ಪೆಯ ಮೇಲೆ ಎದೆಬಡಿತ ಕೇಳುವ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಕಿವಿಯ ಹಿಂದೆ, ಕುತ್ತಿಗೆಯಲ್ಲಿ ಕೇಳಿದರು. ಅವಳನ್ನು ಹೊರಗೆ ಕೂಡಿಸಲು ಹೇಳಿ ನಮ್ಮಿಬ್ಬರಿಗೆ ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು.

ಬಾವಿಯ ನೀರು ದೊಡ್ಡ ಕಾಲುವೆಯಿಂದ ಸಣ್ಣ ಸಾಲುಗಳಿಗೆ ಹಂಚಿಹೋದರೆ ಅದರ ರಭಸ ತಗ್ಗುತ್ತದೆ. ರಕ್ತವೂ ಹಾಗೆಯೇ, ಕೂದಲಿಗಿಂತ ಸಣ್ಣ ನಾಳಗಳಲ್ಲಿ ಹರಿದು ಹಿಂದಿರುಗಬೇಕು. ಇವಳ ತಲೆಯಲ್ಲಿ ಒಂದು ಕಡೆ ಆ ಸಣ್ಣ ನಾಳಗಳೇ ಹುಟ್ಟಿಲ್ಲ. ದಪ್ಪ ನಾಳಗಳು ಒಂದಕ್ಕೊಂದು ಸುತ್ತಿಕೊಂಡು ಗಂಟಾಗಿವೆ. ರಕ್ತ ಅದೇ ರಭಸದಲ್ಲಿ ತೆಳು ಗೋಡೆಯ ನಾಳಕ್ಕೆ ಬೀಳುತ್ತದೆ. ತಾಯಿಯ ಹೊಟ್ಟೆಯಿಂದಲೇ ಬಂದದ್ದು ಇದು, ಗಾಳಿಯಲ್ಲ, ದೆವ್ವವಲ್ಲ ಎಂದರು. ಹಣೆಯ ಬರೆ ಯಾರು ಹಾಕಿದ್ದು ಎಂದು ಕೇಳಲಿಲ್ಲ, ನೋಡಿದರು ಅಷ್ಟೆ.

ದೂರದ ದೊಡ್ಡ ಊರುಗಳಲ್ಲಿ ತಲೆಬುರುಡೆ ತೆರೆದು ಗಂಟು ತೆಗೆಯುತ್ತಾರೆ, ಇಲ್ಲವೇ ಕುತ್ತಿಗೆಯ ನಾಳ ಕಟ್ಟುತ್ತಾರೆ ಎಂದು ಅವರು ಪುಸ್ತಕದಲ್ಲಿ ಓದಿದ್ದರಂತೆ, ಕಣ್ಣಾರೆ ಕಂಡಿರಲಿಲ್ಲ. ಕಟ್ಟಿದರೂ ರಕ್ತ ಬೇರೆ ದಾರಿ ಹುಡುಕಿಕೊಳ್ಳುತ್ತದಂತೆ. ಬಸುರಿಯ ತಲೆಗೆ ಯಾರೂ ಕೈ ಹಚ್ಚುವುದಿಲ್ಲ. ಹೈದರಾಬಾದಿಗೆ ಒಯ್ದರೆ ಹೊಟ್ಟೆ ಕೊಯ್ದು ಕೂಸು ತೆಗೆಯಬಹುದು, ಅಷ್ಟಾದರೂ ಮಾಡಿ ಎಂದರು. ತಂಗಿಯ ಗಂಡ ತಲೆ ಅಲ್ಲಾಡಿಸಿದ. ಎಲ್ಲೆಡೆ ಲೂಟಿ, ಗಲಭೆ; ಆ ತಿಂಗಳು ಹೈದರಾಬಾದಿನ ದಾರಿಯಲ್ಲಿ ಹೆಂಗಸರನ್ನು ಯಾರೂ ಕರೆದೊಯ್ಯುತ್ತಿರಲಿಲ್ಲ. ಹೋದ ಗಂಡಸರೇ ಕೆಲವರು ತಿರುಗಿ ಬಂದಿರಲಿಲ್ಲ. ಡಾಕ್ಟರಿಗೂ ಅದು ಗೊತ್ತಿತ್ತು. ಬೀಳುವ ರೋಗಕ್ಕೆ ಗುಳಿಗೆ ಕೊಟ್ಟು ನನಗೆ ಹೇಳಿದರು:

"ನೋಡವ್ವಾ, ಆಕಿ ಮುಕ್ಕರಿಬಾರದು, ತಿಣುಕಬಾರದು. ಉಸುರು ಬಿಗಿ ಹಿಡಿದ್ಳಂದ್ರ ಆ ಗಂಟಿನ ಮ್ಯಾಲ ಜೋರ್ ಬೀಳ್ತದ. ಒಡೀತಂದ್ರ ನನ್ನ ಕೈಲೇ ಏನೂ ಆಗಂಗಿಲ್ಲ."

ಮನೆಗೆ ಬಂದು, ಬಾಯಿ ತೆರೆದು ಸಣ್ಣಗೆ ತೇಕುವುದನ್ನು ತಂಗಿಗೆ ದಿನಾ ರೂಢಿ ಮಾಡಿಸಿದೆ. ಅತ್ತೆಗೆ ಇದು ಸರಿ ಬರಲಿಲ್ಲ. ತಿಣುಕದೆ ಹಡೆದವರನ್ನು ತಾವು ಕಂಡಿಲ್ಲ, ಕೂಸೇನು ತಾನೇ ನಡೆದು ಬರುತ್ತದೆಯೇ ಎಂದು ಹಂಗಿಸಿದರು. ತಂಗಿಯೂ ಬಿಡಲಿಲ್ಲ.

"ನಾಯಿ ಹಂಗ ತೇಕಬೇಕಂದ್ರ ನಾಯಿನೇ ಕರಕೊಂಡ ಬಾ ಅಕ್ಕಾ. ನಿನಗಿಂತ ಛಲೋ ಕಲಸ್ತದ."

ದಿನ ತುಂಬಿ ಹೆರಿಗೆಯ ಬ್ಯಾನಿ ಶುರುವಾದದ್ದು ಬೆಳಗಿನ ರೊಟ್ಟಿಯ ಹೊತ್ತಿಗೆ. ತೊಲೆಗೆ ಕಟ್ಟಿದ್ದ ಹಗ್ಗ ಬಿಚ್ಚಿ ಎಸೆದೆ; ಹಗ್ಗ ಕೈಗೆ ಸಿಕ್ಕರೆ ಹೆಂಗಸು ಜಗ್ಗಿ ಮುಕ್ಕರಿಯುತ್ತಾಳೆ. ತಂಗಿಯನ್ನು ಮಗ್ಗುಲಾಗಿ ಮಲಗಿಸಿದೆ. ಬ್ಯಾನಿ ಬಂದಾಗಲೆಲ್ಲ ತೇಕಿಸಿದೆ. ಬಿಸಿಲು ಅಂಗಳದಿಂದ ಗೋಡೆಗೆ ಏರುವವರೆಗೆ ಹೀಗೇ ನಡೆಯಿತು. ಕೂಸಿನ ನೆತ್ತಿ ಕಂಡ ಮೇಲೆ ಎಣ್ಣೆಗೈಯಿಂದ ಬಿಡಿಸಿ ಬಿಡಿಸಿ ತೆಗೆದೆ. ಹೆಣ್ಣು. ಹುಟ್ಟಿದ ತಕ್ಷಣ ಅತ್ತಿತು.

"ಉಸುರು ಹಿಡೀಲಿಲ್ಲ ನೋಡು ನಾ," ಎಂದಳು ತಂಗಿ. ಮುಖದ ತುಂಬ ಬೆವರು.

ಗಂಡಾಂತರ ಕಳೆಯಿತು ಅಂದುಕೊಂಡೆ. ಅತ್ತೆ ನೀರು ಕಾಯಿಸಲು ಹೊರಗೆ ಹೋಗಿದ್ದರು. ಕೂಸಿನ ಹಿಂದೆಯೇ ಬರಬೇಕಾದ ಮಾಸು ಬೀಳಲಿಲ್ಲ. ಕಾಯ್ದೆ, ಹೊಟ್ಟೆ ತಿಕ್ಕಿದೆ, ಬೀಳಲಿಲ್ಲ. ಮಾಸು ತಡವಾದರೆ ಸೂಲಗಿತ್ತಿಯರು ಬಾಣಂತಿಯ ಜಡೆಯ ತುದಿಯನ್ನೇ ಅವಳ ಗಂಟಲಿಗೆ ತುರುಕುತ್ತಿದ್ದರು. ಓಕರಿಕೆ ಬಂದು ಹೊಟ್ಟೆ ಹಿಂಡುತ್ತದೆ, ಮಾಸು ಬೀಳುತ್ತದೆ. ಅತ್ತೆ ಮಾಡುತ್ತಿದ್ದರು, ನಾನೂ ಎಷ್ಟೋ ಸಲ ಮಾಡಿದ್ದೆ. ಡಾಕ್ಟರು ಮುಕ್ಕರಿಯಬಾರದು ಎಂದಿದ್ದರು. ನಾನು ಅದನ್ನು ಕೂಸು ಬರುವ ತನಕದ ಮಾತೆಂದು ತಿಳಿದಿದ್ದೆ. ಓಕರಿಸುವಾಗಲೂ ಉಸಿರು ಹಾಗೆಯೇ ಬಿಗಿಯುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ತುರುಕು ಎಂದು ಯಾರೂ ಹೇಳಲಿಲ್ಲ, ನನ್ನ ಕೈಯೇ ಜಡೆ ತೆಗೆದುಕೊಂಡಿತು.

ಮೂರು ಸಲ ಓಕರಿಸಿದಳು. ಮಾಸು ಬಿತ್ತು. "ತಲಿ," ಎಂದಳು, ಅಷ್ಟೇ. ಬಾಯಿಯ ಬಲಗಡೆ ಜೋತುಬಿತ್ತು. ಬಲಗೈ ಎತ್ತಿ ಬಿಟ್ಟರೆ ಧಪ್ಪೆಂದು ಬಿತ್ತು. ಅತ್ತೆ ಒಳಗೆ ಬಂದು ಅವಳನ್ನು ನೋಡಿದರು, ಹಸಿಯಾದ ಜಡೆಯ ತುದಿ ನೋಡಿದರು. ಜಡೆ ಬಿಚ್ಚಿ, ಒರೆಸಿ, ಮತ್ತೆ ಹೆಣೆದರು. ಮೂರನೆಯ ದಿನ ಮಧ್ಯಾಹ್ನ ತಂಗಿ ಸತ್ತಳು. ಅಷ್ಟರಲ್ಲಿ ಒಮ್ಮೆಯೂ ಮಾತಾಡಲಿಲ್ಲ.

ಕೂಸನ್ನು ಒಪ್ಪಿಸಲು ಹುಮನಾಬಾದಿಗೆ ಹೋದಾಗ ಡಾಕ್ಟರು ತಾವೇ ಅಂಗಡಿಗೆ ಬಂದರು. ತಂಗಿಯ ಗಂಡ ಕೂಸನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ.

"ಮುಕ್ಕರಿದ್ಳೇನು?" ಎಂದು ಕೇಳಿದರು.

"ಇಲ್ರಿ," ಎಂದೆ. "ಒಂದು ಸಲಾನೂ ಇಲ್ಲ."

ಹಾಗಾದರೆ ಅದು ಇವತ್ತಲ್ಲ ನಾಳೆ ಒಡೆಯುವುದೇ ಆಗಿತ್ತು, ನಿನ್ನಿಂದ ಆಗುವುದನ್ನೆಲ್ಲ ಮಾಡಿದ್ದೀ ಎಂದರು. ತಂಗಿಯ ಗಂಡ ನನಗೆ ಕೈ ಮುಗಿದ.

ಆಮೇಲೂ ಬಹಳ ವರ್ಷ ಸೂಲಗಿತ್ತಿ ಕೆಲಸ ಮಾಡಿದೆ. ಯಾರ ಬಾಯಿಗೂ ಜಡೆ ತುರುಕಲಿಲ್ಲ, ಬೇರೆಯವರು ತುರುಕಲು ಬಂದರೆ ಕೈ ಹಿಡಿದು ತಡೆದೆ. ಯಾಕೆ ಎಂದು ಕೇಳಿದವರಿಗೆ ಹುಮನಾಬಾದಿನ ಡಾಕ್ಟರು ಬೇಡ ಅಂದಿದ್ದಾರೆ ಎಂದೆ. ಆ ಡಾಕ್ಟರಿಗೆ ಜಡೆಯ ಮಾತು ನಾನು ಹೇಳಿಯೇ ಇರಲಿಲ್ಲ.